ಯಾರು ಅಡ್ಜಸ್ಟ್ ಮಾಡ್ಕೋಬೇಕು?

ಕಾರಿಗೆ ಅಗಲದ ಟೈರ್ ಹಾಕಿಸಿದವರಿಗೆ, ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ನೆಲಕ್ಕೆ ಹತ್ತಿರ ಇಳಿಸಿದವರಿಗೆ ಒಂದು ಸದ್ದು ಚೆನ್ನಾಗಿ ಗೊತ್ತಿರುತ್ತೆ. ಒಬ್ಬರೇ ಓಡಿಸುವಾಗ ಅದು ಬರೋದಿಲ್ಲ. ಹಿಂದಿನ ಸೀಟಿನಲ್ಲಿ ಮೂರು ಜನ ಕೂತು, ಗಾಡಿ ಹಂಪ್ ಹತ್ತಿ ಇಳಿದಾಗ 'ಸರ್ರ್' ಅನ್ನುತ್ತೆ. ತಿರುಗುವ ಟೈರು ಫೆಂಡರಿನ ಒಳಅಂಚಿಗೆ ಉಜ್ಜುವ ಸದ್ದು ಅದು. ಗ್ಯಾರೇಜಿಗೆ ಹೋದರೆ ಒಬ್ಬರು ಅಂಚು ಮಡಚೋಣ ಅಂತಾರೆ, ಇನ್ನೊಬ್ಬರು ಸ್ಪ್ರಿಂಗ್ ಎತ್ತರಿಸೋಣ ಅಂತಾರೆ, ಮತ್ತೊಬ್ಬರು ಚಕ್ರವನ್ನೇ ಸ್ವಲ್ಪ ವಾಲಿಸೋಣ ಅಂತಾರೆ. ಮೂರೂ ಬೇರೆ ಬೇರೆ ಮದ್ದು ಅನ್ನಿಸಿದರೂ ಹಿಂದಿರುವ ಪ್ರಶ್ನೆ ಒಂದೇ. ಜಾಗ ಸಾಲುತ್ತಿಲ್ಲ, ಯಾರು ಸರಿಯಬೇಕು?

ಮೊದಲು ಲೆಕ್ಕ ನೋಡಿಬಿಡೋಣ. ಏಳು ಇಂಚು ಅಗಲದ ರಿಮ್ ತೆಗೆದು, ಅದೇ ಆಫ್‌ಸೆಟ್ ಇರುವ ಎಂಟು ಇಂಚಿನ ರಿಮ್ ಹಾಕಿದರೆ ಅಂಚು ಹೊರಕ್ಕೆ 12.7 ಮಿಲಿಮೀಟರ್, ಒಳಕ್ಕೆ 12.7 ಮಿಲಿಮೀಟರ್ ಬೆಳೆಯುತ್ತೆ. ಆಫ್‌ಸೆಟ್ ಅಂದರೆ ರಿಮ್ಮಿನ ನಟ್ಟನಡುವಿನ ಗೆರೆಗೂ ಅದು ಹಬ್‌ಗೆ ಕೂರುವ ಜಾಗಕ್ಕೂ ಇರುವ ದೂರ. ಆ ಅಂಕಿಯನ್ನು 10 ಮಿಲಿಮೀಟರ್ ಕಮ್ಮಿ ಮಾಡಿದರೆ ಇಡೀ ಚಕ್ರ 10 ಮಿಲಿಮೀಟರ್ ಹೊರಗೆ ಬರುತ್ತೆ. ಎರಡೂ ಸೇರಿದರೆ ಫೆಂಡರಿನ ಕಡೆಗೆ 22.7 ಮಿಲಿಮೀಟರ್. ಎಷ್ಟೋ ಕಾರುಗಳಲ್ಲಿ ಅಷ್ಟು ಜಾಗ ಇರೋದೇ ಇಲ್ಲ. ಇದರ ಮೇಲೆ ಗಾಡಿಯನ್ನೂ ಇಳಿಸಿದರೆ ಕೇಳಲೇಬೇಡಿ.

ಈ ಮಿಲಿಮೀಟರುಗಳ ಜಗಳಕ್ಕೆ ಒಂದು ಇತಿಹಾಸ ಇದೆ. ಅದರ ಮುಖ್ಯ ಅಧ್ಯಾಯ ನಡೆದದ್ದು ಅಮೆರಿಕದ ಲಾಸ್ ಏಂಜಲೀಸ್ ಮತ್ತು ಸುತ್ತಮುತ್ತಲ ಊರುಗಳಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಮೆಕ್ಸಿಕನ್ ಮೂಲದ ಹುಡುಗರ ಕೈಗೂ ಹಳೆಯ ಷೆವರ್ಲೆ ಕಾರುಗಳು ಬಂದವು. ಉಳಿದವರೆಲ್ಲ ಹಾಟ್ ರಾಡ್ ಹುಚ್ಚಿಗೆ ಬಿದ್ದು ವೇಗಕ್ಕಾಗಿ ಕಾರು ಬಿಚ್ಚುತ್ತಿದ್ದಾಗ, ಇವರು ಉಲ್ಟಾ ದಾರಿ ಹಿಡಿದರು. ಗಾಡಿ ನೆಲಕ್ಕೆ ತಾಗುವಷ್ಟು ತಗ್ಗಿರಬೇಕು, ನಿಧಾನಕ್ಕೆ ಹೋಗಬೇಕು, ನೋಡುವವರೆಲ್ಲ ನೋಡಬೇಕು. 'ಬಾಹಿತೊ ಇ ಸುವಾವೆಸಿತೊ', ಅಂದರೆ ತಗ್ಗಾಗಿ, ನಯವಾಗಿ ಅನ್ನೋದು ಅವರ ಮಂತ್ರ. ಮುಂದೆ ಈ ಕಾರುಗಳಿಗೂ ಅವುಗಳನ್ನು ಓಡಿಸುವವರಿಗೂ ಲೋರೈಡರ್ ಅನ್ನೋ ಹೆಸರು ನಿಂತಿತು.

ಇಳಿಸುವ ಮೊದಲ ವಿಧಾನಗಳು ಬಡವರ ವಿಧಾನಗಳೇ. ಡಿಕ್ಕಿಯಲ್ಲಿ ಮರಳಿನ ಮೂಟೆ ಅಥವಾ ಸಿಮೆಂಟ್ ಚೀಲ ಇಟ್ಟರೆ ಹಿಂಭಾಗ ತಾನಾಗಿ ಕೂರುತ್ತೆ. ಇಲ್ಲದಿದ್ದರೆ ಕಾಯಿಲ್ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿ ಹಾಕಿದರಾಯಿತು. ಆದರೆ ಸ್ಪ್ರಿಂಗ್ ಮೋಟಾದರೆ ಚಕ್ರ ಮೇಲೆ ಹೋಗಲು ಜಾಗವೂ ಕಮ್ಮಿ. ರಸ್ತೆ ಕೊಂಚ ಏರುಪೇರಾದರೂ ಟೈರು ಹೋಗಿ ಫೆಂಡರಿಗೆ, ಆಕ್ಸಲ್ ಹೋಗಿ ಚಾಸಿಗೆ ಬಡಿಯುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಮದ್ದುಗಳು ಇವತ್ತಿಗೂ ಚಾಲ್ತಿಯಲ್ಲಿವೆ. ಹಿಂದಿನ ಆಕ್ಸಲ್ಲಿನ ನೇರಕ್ಕೆ ಚಾಸಿಯ ಉಕ್ಕನ್ನು ಅರ್ಧಚಂದ್ರಾಕಾರ ಕತ್ತರಿಸಿ, ಮೇಲೆ ಗಟ್ಟಿ ತಗಡು ಬೆಸೆದು, ಆಕ್ಸಲ್‌ಗೆ ಓಡಾಡಲು ಜಾಗ ಮಾಡಿಕೊಟ್ಟರು. ಇದಕ್ಕೆ ಸಿ-ನಾಚ್ ಅಂತಾರೆ. ಇನ್ನೊಂದು ಮದ್ದು ಇನ್ನೂ ಸರಳ. ಟೈರನ್ನೇ ಚಿಕ್ಕದು ಮಾಡು. ದೊಡ್ಡ ಕಾರಿಗೆ 13 ಅಥವಾ 14 ಇಂಚಿನ ಪುಟಾಣಿ ಚಕ್ರ, ಅದಕ್ಕೆ ಬಿಳಿ ಪಟ್ಟಿಯ ತೆಳ್ಳನೆ ಟೈರು. ಲೋರೈಡರ್ ಚಿತ್ರ ನೋಡಿದಾಗ ನಮಗೆ ಸ್ಟೈಲ್ ಅನ್ನಿಸೋ ಆ ಸಣ್ಣ ಚಕ್ರಗಳು ಉಜ್ಜುವಿಕೆಗೂ ಒಂದು ಉತ್ತರ.

ಅಷ್ಟರಲ್ಲಿ ಸರ್ಕಾರ ನಡುವೆ ಬಂತು. 1950ರ ದಶಕದ ಕೊನೆಯ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ನಿಯಮ ಜಾರಿಗೆ ಬಂತು. ವಾಹನ ಸಂಹಿತೆಯ 24008ನೇ ಕಲಂ ಅಂತ ಅದು ಹೆಸರಾಯಿತು. ಮಾರ್ಪಡಿಸಿದ ಕಾರಿನ ಯಾವ ಭಾಗವೂ ರಿಮ್ಮಿನ ಕೆಳ ಅಂಚಿಗಿಂತ ತಗ್ಗಿರಬಾರದು ಅನ್ನೋದು ಅದರ ತಾತ್ಪರ್ಯ. ಟೈರಿನ ಗಾಳಿ ಪೂರ್ತಿ ಹೋಗಿ ಗಾಡಿ ರಿಮ್ ಮೇಲೆ ನಿಂತರೂ ಕಾರಿನ ಹೊಟ್ಟೆ ರಸ್ತೆಗೆ ತಾಗಬಾರದು ಅಂತ ಅರ್ಥ ಮಾಡ್ಕೊಳ್ಳಿ. ಕಾಗದದ ಮೇಲೆ ಇದು ಸುರಕ್ಷತೆಯ ಮಾತು, ತಪ್ಪೇನಿಲ್ಲ. ಬೀದಿಯಲ್ಲಿ ಮಾತ್ರ ಅದು ಒಂದು ಸಮುದಾಯದ ಹುಡುಗರನ್ನು ನಿಲ್ಲಿಸಿ, ಅಳತೆ ತೆಗೆದು, ಟಿಕೆಟ್ ಹರಿದು ಕೊಡಲು ಪೊಲೀಸರಿಗೆ ಸಿಕ್ಕ ಅನುಕೂಲವಾಯಿತು.

ರಾನ್ ಅಗಿರ್ರೆ ಅನ್ನುವ ಯುವಕನಿಗೂ ಹೀಗೆ ಟಿಕೆಟ್‌ಗಳ ಕಾಟ ಇತ್ತು. ಅವನದು ಎಕ್ಸ್-ಸಾನಿಕ್ ಅಂತ ಹೆಸರಿಟ್ಟ, ತೀರಾ ತಗ್ಗಿಸಿದ ಕಾರ್ವೆಟ್. ದಕ್ಷಿಣ ಕ್ಯಾಲಿಫೋರ್ನಿಯಾ ಆಗ ವಿಮಾನ ಕಾರ್ಖಾನೆಗಳ ಸೀಮೆ. ಯುದ್ಧ ಮುಗಿದ ಮೇಲೆ ವಿಮಾನಗಳ ಹೈಡ್ರಾಲಿಕ್ ಪಂಪು, ಸಿಲಿಂಡರು, ವಾಲ್ವುಗಳು ಹಳೇ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತಿದ್ದವು. ಅಗಿರ್ರೆ ತನ್ನ ತಂದೆಯ ನೆರವಿನಿಂದ ಅವನ್ನೇ ಕಾರಿಗೆ ಜೋಡಿಸಿದ. ಪಂಪು ಎಣ್ಣೆಯನ್ನು ಒತ್ತಿದರೆ ಕಾರು ಮೇಲೇಳುತ್ತೆ, ವಾಲ್ವ್ ಬಿಟ್ಟರೆ ಕೂರುತ್ತೆ. ಪೊಲೀಸ್ ಕಂಡರೆ ಸ್ವಿಚ್ ಒತ್ತು, ಕಾನೂನು ಹೇಳಿದ ಎತ್ತರಕ್ಕೆ ಬಾ. ಅವರು ಅತ್ತ ಹೋದಮೇಲೆ ಮತ್ತೆ ಕೂರು.

ಜನ ಈ ಕಥೆಯನ್ನು ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿದ ಕಥೆಯಾಗಿ ಹೇಳ್ತಾರೆ. ನನಗೆ ಅದರಲ್ಲಿ ಇಷ್ಟವಾಗೋದು ಬೇರೆ ಅಂಶ. ಉಜ್ಜುವಿಕೆಯ ಸಮಸ್ಯೆಯೂ ಅದೇ ಸ್ವಿಚ್ಚಿನಲ್ಲಿ ಬಗೆಹರಿಯಿತು. ಅದುವರೆಗೆ ಟೈರಿಗೂ ಫೆಂಡರಿಗೂ ನಡುವಿನ ಅಂತರ ಒಂದೇ ಸಲ ನಿರ್ಧಾರ ಆಗುತ್ತಿತ್ತು. ಹೈಡ್ರಾಲಿಕ್ ಬಂದಮೇಲೆ ಅದು ಬೇಕಾದಾಗ ಬದಲಿಸಬಹುದಾದ ಅಳತೆ ಆಯಿತು. ನಿಂತಾಗ ತಗ್ಗು, ಓಡುವಾಗ ಎತ್ತರ. ಟೈರು ಫೆಂಡರ್ ಎರಡೂ ಬಚಾವ್.

1958ರಲ್ಲಿ ಬಂದ ಷೆವರ್ಲೆ ಇಂಪಾಲಾ ಲೋರೈಡರ್‌ಗಳ ಮನೆದೇವರಾಯಿತು. 1964ರ ಮಾಡೆಲ್‌ವರೆಗೂ ಅದರ ಚಾಸಿ ಇಂಗ್ಲಿಷ್ ಎಕ್ಸ್ ಅಕ್ಷರದ ಆಕಾರದ್ದು, ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್. ಹೈಡ್ರಾಲಿಕ್ ಸಿಲಿಂಡರ್ ಕೂರಿಸಲು ಹೇಳಿ ಮಾಡಿಸಿದ ಹಾಗಿತ್ತು. ಇಲ್ಲೂ ಉಜ್ಜುವ ತಾಪತ್ರಯ ಬಿಡಲಿಲ್ಲ. ಹಿಂದಿನ ಚಕ್ರವನ್ನು ಅರ್ಧ ಮುಚ್ಚುವ ಸ್ಕರ್ಟ್ ಅನ್ನೋ ತಗಡು ಹಾಕಿದರೆ ಕಾರು ಇನ್ನೂ ತಗ್ಗಿದಂತೆ ಕಾಣುತ್ತೆ. ಆದರೆ ಆಗ ಮೆಚ್ಚುಗೆಯಾಗಿದ್ದ 'ರಿವರ್ಸ್' ರಿಮ್‌ಗಳು ಹೊರಕ್ಕೆ ಚಾಚಿ ಅದೇ ಸ್ಕರ್ಟಿಗೆ ತಾಗುತ್ತವೆ. ಇಂಪಾಲಾದ ಮೈಗೆರೆ ಇವರಿಗೆ ಪೂಜೆಯ ವಸ್ತು, ಅದಕ್ಕೆ ಗರಗಸ ಹಾಕೋ ಮಾತೇ ಇಲ್ಲ. ಹಾಗಾಗಿ ಹಿಂದಿನ ಆಕ್ಸಲ್ಲನ್ನೇ ಬಿಚ್ಚಿ, ಎರಡೂ ಕಡೆ ಕತ್ತರಿಸಿ, ಗಿಡ್ಡ ಮಾಡಿ ಮತ್ತೆ ಬೆಸೆದರು. ಚಕ್ರಗಳು ಒಳಸರಿದವು, ಹೊರಗೆ ನಿಂತವರಿಗೆ ಏನೂ ಗೊತ್ತಾಗೋದಿಲ್ಲ. ಅಡ್ಜಸ್ಟ್ ಮಾಡ್ಕೊಂಡಿದ್ದು ಕಣ್ಣಿಗೆ ಕಾಣದ ಉಕ್ಕು.

ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಜಪಾನಿನವರು ಬೇರೆ ಉತ್ತರಕ್ಕೆ ಬಂದರು. ಅವರಿಗೆ ಬೇಕಿದ್ದದ್ದು ವೇಗ. ವೇಗಕ್ಕೆ ಅಗಲದ ಟೈರು ಬೇಕು, ಅಗಲದ ಟೈರಿಗೆ ಜಾಗ ಬೇಕು. ಸ್ಕೈಲೈನ್ ಕಾರಿನ ಮೈಮೇಲೆ ಹಿಂಚಕ್ರದ ನೆತ್ತಿಯಲ್ಲಿ ಹಾದುಹೋಗುವ 'ಸರ್ಫ್ ಲೈನ್' ಅನ್ನೋ ಚೆಂದದ ಗೆರೆ ಇತ್ತು. 1969ರಲ್ಲಿ ಬಂದ ರೇಸ್ ತಳಿಯ ಜಿಟಿ-ಆರ್‌ನಲ್ಲಿ ಆ ಗೆರೆಯನ್ನೇ ಕತ್ತರಿಸಿ ಚಕ್ರದ ಬಾಯಿ ದೊಡ್ಡದು ಮಾಡಿದರು. 1970ರ ಎರಡು ಬಾಗಿಲಿನ ಜಿಟಿ-ಆರ್‌ಗೆ ಕತ್ತರಿಸಿದ ಜಾಗದ ಮೇಲೆ ಕಪ್ಪು ಪಟ್ಟಿಯೊಂದನ್ನು ಬಿಗಿದರು. ಅದೇ ಓವರ್ ಫೆಂಡರ್. 1971ರ ಫೇರ್‌ಲೇಡಿ 240 ಝಡ್‌ಜಿಗೂ ಅದು ಬಂತು. 1973ರಲ್ಲಿ ಬರೀ 197 ತಯಾರಾದ ಮುಂದಿನ ಜಿಟಿ-ಆರ್‌ನಲ್ಲಿ ಮುಂದೂ ಹಿಂದೂ ಅದೇ ಪಟ್ಟಿ. ಲೋರೈಡರ್ ಮೈಗೆರೆ ಉಳಿಸಲು ಆಕ್ಸಲ್ ಕತ್ತರಿಸಿದ, ಇವರು ಟೈರು ಉಳಿಸಲು ಮೈಗೆರೆ ಕತ್ತರಿಸಿದರು.

ರೇಸಿನಲ್ಲಿ ಕಂಡದ್ದು ಬೀದಿಗೆ ಬರದೇ ಇರುತ್ತಾ? ಜಪಾನಿನ ಪುಂಡ ಹುಡುಗರು ಸಾದಾ ಕಾರುಗಳಿಗೂ ಓವರ್ ಫೆಂಡರ್ ಬಿಗಿದು, ಸಿಕ್ಕಾಪಟ್ಟೆ ಇಳಿಸಿ ಓಡಿಸಿದರು. ಫೆಂಡರಿನ ಒಳಅಂಚನ್ನು ಮೇಲಕ್ಕೆ ಮಡಚುವ ಕೆಲಸಕ್ಕೆ ಅವರಲ್ಲಿ 'ತ್ಸುಮೆ-ಓರಿ' ಅನ್ನೋ ಹೆಸರಿದೆ, ಅಂದರೆ ಉಗುರು ಮಡಚುವುದು. ಎಷ್ಟು ಚೆನ್ನಾಗಿದೆ ನೋಡಿ! ಫೆಂಡರಿನ ಆ ಚೂಪು ಅಂಚು ನಿಜಕ್ಕೂ ಟೈರನ್ನು ಗೀರುವ ಉಗುರೇ. ಅಮೆರಿಕದವರು ಟೈರಿಗೂ ಫೆಂಡರಿಗೂ ನಡುವೆ ಬೇಸ್‌ಬಾಲ್ ಬ್ಯಾಟ್ ತೂರಿಸಿ, ಗಾಡಿಯನ್ನು ಮೆಲ್ಲಗೆ ಉರುಳಿಸಿ ಇದೇ ಕೆಲಸ ಮಾಡುತ್ತಿದ್ದರು. ಈಗ ಹಬ್‌ಗೆ ಬಿಗಿಯುವ ರೋಲರ್ ಇದೆ. ಬಣ್ಣ ಬಿರುಕು ಬಿಡದಿರಲಿ ಅಂತ ಬಿಸಿಗಾಳಿಯಲ್ಲಿ ಕಾಯಿಸಿಕೊಂಡು ಮಡಚುತ್ತಾರೆ.

ಜಪಾನಿನಲ್ಲೇ ಇನ್ನೊಂದು ಫ್ಯಾಷನ್ನೂ ಬೆಳೆಯಿತು, ಹೆಸರು 'ಓನಿ-ಕ್ಯಾನ್'. ರಾಕ್ಷಸ ಕ್ಯಾಂಬರ್ ಅನ್ನಬಹುದು. ಚಕ್ರದ ತಲೆಯನ್ನು ಒಳಕ್ಕೆ ವಾಲಿಸಿಬಿಟ್ಟರೆ ಅದು ಫೆಂಡರಿನೊಳಗೆ ತೂರಿಕೊಳ್ಳುತ್ತೆ, ಉಜ್ಜೋದು ನಿಲ್ಲುತ್ತೆ. ಆದರೆ ಆಗ ಟೈರಿನ ಒಳಅಂಚು ಮಾತ್ರ ರಸ್ತೆ ಮುಟ್ಟುತ್ತೆ. ಒಂದು ಬದಿ ಬೇಗ ಸವೆಯುತ್ತೆ, ಬ್ರೇಕ್ ಒತ್ತಿದಾಗ ಹಿಡಿತ ಕಮ್ಮಿ. ಸಿ-ನಾಚ್, ಗಿಡ್ಡ ಆಕ್ಸಲ್, ಓವರ್ ಫೆಂಡರ್ ಇವೆಲ್ಲ ಟೈರಿಗೆ ಜಾಗ ಮಾಡಿಕೊಟ್ಟ ಉಪಾಯಗಳು. ಇದು ಟೈರನ್ನೇ ಅಡ್ಜಸ್ಟ್ ಮಾಡ್ಕೋ ಅಂತ ದಬಾಯಿಸೋ ಉಪಾಯ. ಕಾರಿನಲ್ಲಿ ರಸ್ತೆ ಮುಟ್ಟುವ ಭಾಗ ಅದೊಂದೇ. ಅದರ ಮೇಲೇ ಭಾರ ಹೊರಿಸೋದು ನನಗಂತೂ ಸರಿ ಕಾಣಲ್ಲ.

ನಮ್ಮಲ್ಲೂ ಕಾನೂನು ಈ ಮಾತಿಗೆ ಹೊರತಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಮಿತಿ ಹಾಕುತ್ತೆ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಆಗುವಂತೆ ಗಾಡಿ ಬದಲಿಸುವ ಹಾಗಿಲ್ಲ ಅಂದಿತು. ಆದ್ದರಿಂದ ಸದ್ದು ಬಂದಕೂಡಲೇ ಗರಗಸ ಹುಡುಕಬೇಡಿ. ಎಲ್ಲಿ ತಾಗುತ್ತಿದೆ ಅಂತ ಮೊದಲು ನೋಡಿ. ಫೆಂಡರ್ ಅಂಚು ಹೊಳೆಯುತ್ತಿದೆಯಾ, ಒಳಗಿನ ಪ್ಲಾಸ್ಟಿಕ್ ಸವೆದಿದೆಯಾ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ತಾಗುತ್ತಾ? ನಾಲ್ಕು ಜನರನ್ನು ಕೂರಿಸಿ ಪರೀಕ್ಷೆ ಮಾಡಿ. ಟೈರಿನ ಪಕ್ಕದ ಗೋಡೆ ಕೊರೆದಿದ್ದರೆ ಆ ಟೈರ್ ಬದಲಿಸಲೇಬೇಕು, ಅದರಲ್ಲಿ ಚೌಕಾಸಿ ಇಲ್ಲ. ಆಮೇಲೆ ಕಂಪನಿ ಹೇಳಿದ ಅಳತೆಯ ಟೈರು, ಆಫ್‌ಸೆಟ್ಟು, ಸ್ಪ್ರಿಂಗಿನ ಎತ್ತರಕ್ಕೆ ವಾಪಸ್ ಹೋಗೋದು ಮೊದಲ ಮದ್ದು. ನೀರಸ ಮದ್ದು, ಆದರೆ ಕೆಲಸ ಮಾಡುತ್ತೆ.

ಕ್ಯಾಲಿಫೋರ್ನಿಯಾದ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಕಾರಿನ ಎತ್ತರ ಅಳೆದದ್ದು ಸಾಲದು ಅಂತ ಅಲ್ಲಿನ ಊರುಗಳು ಕಾರುಗಳ ಮೆರವಣಿಗೆಯನ್ನೇ ನಿಷೇಧಿಸಿದವು. ನ್ಯಾಷನಲ್ ಸಿಟಿ ಅನ್ನೋ ಊರು 1992ರಲ್ಲಿ ಹಾಕಿದ ನಿಷೇಧ ತೆರವಾದದ್ದು 2023ರಲ್ಲಿ. ಈ ಮಧ್ಯೆ 'ಜಿಪ್ಸಿ ರೋಸ್' ಅನ್ನೋ ಗುಲಾಬಿ ಚಿತ್ತಾರದ 1964ರ ಇಂಪಾಲಾ, 2017ರಲ್ಲಿ ವಾಷಿಂಗ್ಟನ್‌ನ ನ್ಯಾಷನಲ್ ಮಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ರಾಷ್ಟ್ರೀಯ ಪರಂಪರೆಯಾಗಿ ನಿಂತಿತು. ಅದೇ ತರದ ಕಾರನ್ನು ಓಡಿಸಿದ್ದಕ್ಕೆ ದಂಡ ಕಟ್ಟುವ ಊರುಗಳು ಆಗಲೂ ಇದ್ದವು. ಕೊನೆಗೆ 2023ರಲ್ಲಿ ಸಹಿಯಾದ ಎಬಿ 436 ಅನ್ನೋ ಕಾನೂನು, ಊರೂರಿನ ನಿಷೇಧಗಳ ಜತೆಗೆ ಆ ರಿಮ್ ಅಳತೆಯ ನಿಯಮವನ್ನೂ ತೆಗೆದುಹಾಕಿತು. ಅದು ಜಾರಿಗೆ ಬಂದದ್ದು 2024ರ ಜನವರಿ 1ರಂದು. ಅಗಿರ್ರೆಯ ಸ್ವಿಚ್ಚಿನಿಂದ ಅಲ್ಲಿಗೆ ಅರವತ್ತು ವರ್ಷದ ಮೇಲಾಗಿತ್ತು. ಅಷ್ಟೂ ಕಾಲ ಅಡ್ಜಸ್ಟ್ ಮಾಡ್ಕೊಂಡು ಬಂದವರು ಆ ಹುಡುಗರೇ. ಕೊನೆಗೂ ಒಂದಿಷ್ಟು ಸರಿದದ್ದು ಸರ್ಕಾರ.