ರೈತ ಅಂತ ಹುಡುಕಿದರೆ ಆಜಾನ್ ಬಂತು

ಕೆಲವು ವರ್ಷಗಳ ಹಿಂದೆ ಗಲ್ಫ್‌ನ ಒಬ್ಬ ಗ್ರಾಹಕರಿಗಾಗಿ ನಮ್ಮ ತಂಡ ಒಂದು ಸಾಫ್ಟ್‌ವೇರ್ ಮಾಡ್ತಾ ಇತ್ತು. ಅರಬ್ಬಿ ದಾಖಲೆಗಳ ರಾಶಿಯಲ್ಲಿ ತಡಕಾಡಿ ಕೇಳಿದ್ದನ್ನು ಎತ್ತಿಕೊಡಬೇಕು, ಅಷ್ಟೇ ಕೆಲಸ. ನನಗೆ ಅರಬ್ಬಿಯ ಒಂದಕ್ಷರವೂ ಬರ್ತಿರಲಿಲ್ಲ. ಒಂದು ದಿನ ಟೆಸ್ಟಿಂಗ್‌ನವರು ಬಗ್ ಹಾಕಿದರು: ‘ರೈತ’ ಅಂತ ಹುಡುಕಿದರೆ ಕೃಷಿ ದಾಖಲೆಗಳ ಜೊತೆಗೆ ಆಜಾನ್, ನಮಾಜಿನ ಪುಟಗಳೂ ಬರ್ತಾ ಇವೆ.

ಎರಡು ದಿನ ಕೋಡ್ ಕೆದಕಿದೆ. ತಪ್ಪು ಕೋಡಿನಲ್ಲಿ ಇರಲಿಲ್ಲ. ರೈತನಿಗೆ ಅರಬ್ಬಿಯಲ್ಲಿ ‘ಫಲ್ಲಾಹ್’ ಅಂತಾರೆ. ಆಜಾನಿನಲ್ಲಿ ‘ಫಲಾಹ್’ ಕಡೆಗೆ ಬನ್ನಿ ಅಂತ ಎರಡು ಸಲ ಕರೆ ಬರುತ್ತೆ. ಫಲಾಹ್ ಅಂದರೆ ಏಳಿಗೆ, ಬದುಕಿನ ಗೆಲುವು. ಬಾಯಲ್ಲಿ ಇರೋದು ಒಂದು ಒತ್ತಿನ ವ್ಯತ್ಯಾಸ. ಬರಹದಲ್ಲಿ ಆ ಒತ್ತಿನ ಚಿಹ್ನೆಯನ್ನು ಸಾಮಾನ್ಯವಾಗಿ ಯಾರೂ ಹಾಕುವುದಿಲ್ಲವಾದ್ದರಿಂದ ಎರಡೂ ಒಂದೇ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಏನು ಗೊತ್ತಾಗಬೇಕು?

ಆದರೆ ಇದು ಬರೀ ಕಾಗುಣಿತದ ಗೊಂದಲ ಅಲ್ಲ. ಅರಬ್ಬಿಯಲ್ಲಿ ಪದಗಳು ಬಹುತೇಕ ಮೂರು ವ್ಯಂಜನಗಳ ಒಂದು ಬೇರಿನಿಂದ ಹುಟ್ಟುತ್ತವೆ. ಸ-ಲ-ಮ ಅನ್ನೋ ಬೇರಿನಿಂದ ಸಲಾಂ, ಇಸ್ಲಾಂ, ಮುಸ್ಲಿಂ ಮೂರೂ ಬಂದ ಹಾಗೆ. ಫ-ಲ-ಹ ಬೇರಿನ ಅರ್ಥ ಸೀಳುವುದು, ನೆಲ ಸೀಳುವುದು, ಅಂದರೆ ಉಳುವುದು. ಉಳುವವನು ಫಲ್ಲಾಹ್, ಏಳಿಗೆ ಫಲಾಹ್. ಆಜಾನ್ ಎಂಬುದರ ಬೇರಲ್ಲಿ ‘ಕಿವಿ’ ಇದೆ. ಕಿವಿಗೆ ಹಾಕುವ ಮಾತು.

ಇದನ್ನು ಓದಿದಾಗ ನನಗೆ ಊರು ನೆನಪಾಯ್ತು. ನಮ್ಮದು ಚಿತ್ರದುರ್ಗದ ಕಡೆಯ ಶೇಂಗಾ ಬೆಳೆಯುವ ಹಳ್ಳಿ. ನಮ್ಮಪ್ಪ ಮಸೀದಿ ಕೂಗಿದ ಮೇಲೆ ಎದ್ದು, ಎತ್ತಿಗೆ ಮೇವು ಹಾಕಿ, ಬೆಳಕು ಹರಿಯೋಕೆ ಮುಂಚೆ ನೇಗಿಲು ಹೊತ್ತು ಹೊರಡೋರು. ಆ ಕೂಗಿನಲ್ಲೇ ನೇಗಿಲಿನ ಗೆರೆ ಇದೆ ಅಂತ ಅವರಿಗೂ ಗೊತ್ತಿರಲಿಲ್ಲ, ಕೂಗುತ್ತಿದ್ದ ಮುಲ್ಲಾಗೂ ಗೊತ್ತಿತ್ತೋ ಇಲ್ಲವೋ.

ಅಲ್ಲಿಂದ ಹುಚ್ಚು ಹಿಡೀತು. ಬಗ್ ಮುಚ್ಚಿದ ಮೇಲೂ ನಿಘಂಟು ಬಿಡಲಿಲ್ಲ. ಕೇಳಿದರೆ ಗಂಭೀರವಾಗಿ ಕಾಣುವ ಎಷ್ಟೋ ಧಾರ್ಮಿಕ ಪದಗಳು ಮರಳುಗಾಡಿನ ದಿನನಿತ್ಯದ ಬದುಕಿನಿಂದ ಎದ್ದು ಬಂದವು. ಇವತ್ತು ಟಿವಿ ಚರ್ಚೆಗಳಲ್ಲಿ ಕೂಗಾಡಿಸುವ ‘ಶರೀಅತ್’ ಮೂಲದಲ್ಲಿ ನೀರಿನ ತಾಣಕ್ಕೆ ಹೋಗುವ ದಾರಿ. ದನಕರು ಹೊಡ್ಕೊಂಡು ಕೆರೆಗೆ ಹೋಗಿ ಗೊತ್ತಿರೋರಿಗೆ ಆ ದಾರಿ ತಪ್ಪಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ‘ಸುನ್ನತ್’ ಹಿಂದಿನವರು ತುಳಿದು ಮಾಡಿದ ಹಾದಿ. ‘ಫಿತ್ನಾ’ ಅಂದರೆ ಚಿನ್ನವನ್ನು ಬೆಂಕಿಗೆ ಹಾಕಿ ಪರೀಕ್ಷಿಸುವುದು. ಆಮೇಲೆ ಅದು ಕಷ್ಟದ ಪರೀಕ್ಷೆಯಾಗಿ, ಕೊನೆಗೆ ದಂಗೆ ಎಂಬ ಅರ್ಥಕ್ಕೂ ಬಂತು. ‘ಪಿತೂರಿ’ ಮಾಡೋರಿಗೆ ಕೆಲವು ಕಡೆ ‘ಫಿತೂರಿ’ ಅಂತಾರಲ್ಲ, ಅದು ಇದರದ್ದೇ ಕೂಸು ಅಂತ ಕುಣಿದಿದ್ದೆ, ಆದರೆ ಅದು ಬೇರೆ ಬೇರಿನ ಪದ. ಇಂಥ ಮುಗ್ಗರಿಸುವಿಕೆ ಈ ಆಟದಲ್ಲಿ ಮಾಮೂಲಿ.

ಎಲ್ಲವೂ ಅರಬ್ಬಿಯ ಸ್ವಂತದ್ದೂ ಅಲ್ಲ. ಕುರಾನಿನ ಮೊದಲ ಅಧ್ಯಾಯದಲ್ಲಿ ಬರುವ ‘ಸಿರಾತ್’, ಅಂದರೆ ಮಾರ್ಗ, ಲ್ಯಾಟಿನ್ನಿನ ‘ಸ್ಟ್ರಾಟಾ’, ಅಂದರೆ ಕಲ್ಲು ಹಾಸಿದ ರಸ್ತೆ. ಗ್ರೀಕ್, ಅರಾಮಿಕ್ ದಾಟಿ ಅರಬ್ಬಿಗೆ ಬಂತು. ಇಂಗ್ಲಿಷಿನ ಸ್ಟ್ರೀಟ್ ಕೂಡ ಅದರದ್ದೇ ಮಗು. ‘ಸಲಾತ್’ ಎಂಬ ಪ್ರಾರ್ಥನೆಯ ಪದವನ್ನು ಸಿರಿಯಾಕ್ ಕ್ರೈಸ್ತರ ಪ್ರಾರ್ಥನೆಯ ಪದಕ್ಕೆ ವಿದ್ವಾಂಸರು ಜೋಡಿಸುತ್ತಾರೆ. ಇದೇನೂ ಪಾಶ್ಚಾತ್ಯರು ಎತ್ತಿದ ತಕರಾರಲ್ಲ. ಕುರಾನಿನಲ್ಲಿ ಪರಭಾಷೆಯ ಪದ ಇಲ್ಲವೇ ಇಲ್ಲ ಅಂತ ಇಮಾಂ ಶಾಫಿ (ನಿಧನ 820) ವಾದಿಸಿದರೆ, ಇದೆ ಅಂತ ಪಟ್ಟಿ ಮಾಡಿಯೇ ಕೊಟ್ಟವರು ಈಜಿಪ್ಟಿನ ಸುಯೂತಿ (ನಿಧನ 1505). ಈ ವಿಷಯದ ಹೆಸರಾಂತ ಆಧುನಿಕ ಪುಸ್ತಕ ಆರ್ಥರ್ ಜೆಫ್ರಿಯದು. ಅದು 1938ರಲ್ಲಿ ಅಚ್ಚಾಗಿದ್ದು ಲಂಡನ್ನಿನಲ್ಲಲ್ಲ, ನಮ್ಮ ಬರೋಡಾದಲ್ಲಿ, ಗಾಯಕವಾಡರ ಓರಿಯಂಟಲ್ ಮಾಲೆಯಲ್ಲಿ. ಇನ್ನು ನಾವು ಹೇಳುವ ‘ನಮಾಜು’ ಅರಬ್ಬಿಯೇ ಅಲ್ಲ, ಪಾರ್ಸಿ. ಸಂಸ್ಕೃತದ ‘ನಮಸ್’ಗೆ ದಾಯಾದಿ.

ಇಷ್ಟೆಲ್ಲ ತಿರುವಿ ಹಾಕಿದರೂ ಒಂದು ಪದದ ಪುಟ ತೆಗೆಯೋಕೆ ಮಾತ್ರ ನಾನು ತುಂಬಾ ದಿನ ಹಿಂದೇಟು ಹಾಕಿದೆ. ಕಾರಣ ಹೇಳಿಬಿಡ್ತೀನಿ.

ನಮ್ಮ ಹೊಲಕ್ಕೂ ಪಕ್ಕದ ಸಾಬರ ಹೊಲಕ್ಕೂ ನಡುವೆ ಒಂದೇ ಬದು. ಅವರ ಮಗ ಮತ್ತು ನಾನು ಹತ್ತನೇ ಕ್ಲಾಸಿನ ತನಕ ಒಂದೇ ಬೆಂಚು. ಆಮೇಲೆ ಅವನು ಹೊಲಕ್ಕೆ ನಿಂತ, ನಾನು ಬಿಇ ಓದೋಕೆ ಹಾಸ್ಟೆಲ್ ಸೇರಿದೆ. ಆಗ ಫಾರ್ವರ್ಡ್ ಈಮೇಲುಗಳ ಕಾಲ. ಕಾಫಿರ ಅಂದರೆ ಯಾರು, ಅವನಿಗೆ ಏನು ಮಾಡಬೇಕಂತೆ ಅಂತೆಲ್ಲ ಬರೆದ ಒಂದು ಮೇಲ್ ಓದಿ ತಲೆ ಬಿಸಿಯಾಗಿತ್ತು. ಆ ಯುಗಾದಿಗೆ ಊರಿಗೆ ಹೋದಾಗ, ಅವನು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದ್ದ. ನನಗೂ ಅರ್ಧ ರೊಟ್ಟಿ ಮುರಿದುಕೊಟ್ಟ. ರೊಟ್ಟಿ ತಿನ್ನುತ್ತಲೇ ಕೇಳಿದೆ, “ನಿಮ್ಮ ಲೆಕ್ಕದಲ್ಲಿ ನಾವೆಲ್ಲ ಕಾಫಿರರಂತೆ, ಹೌದೇನೋ?”

ಅವನು ಉತ್ತರ ಕೊಡಲಿಲ್ಲ. ಬುತ್ತಿ ಕಟ್ಟಿ, “ಎತ್ತಿಗೆ ನೀರು ಕುಡಿಸ್ಬೇಕು” ಅಂತ ಎದ್ದು ಹೋದ. ಆಮೇಲೂ ಸಿಕ್ಕಾಗ ಮಾತಾಡ್ತಿದ್ದ, ಆದರೆ ಮಳೆ ಮತ್ತು ರೇಟು ಬಿಟ್ಟು ಬೇರೆ ಮಾತಿಲ್ಲ.

ಕೊನೆಗೊಂದು ರಾತ್ರಿ ಆ ಪುಟ ತೆಗೆದೆ. ಕ-ಫ-ರ: ಮುಚ್ಚುವುದು. ಸುಮಾರು ಸಾವಿರ ವರ್ಷದ ಹಿಂದೆ ಕುರಾನಿನ ಪದಗಳಿಗೆ ನಿಘಂಟು ಬರೆದ ರಾಗಿಬ್ ಅಲ್-ಇಸ್ಫಹಾನಿ ಹೇಳ್ತಾರೆ: ಜನರನ್ನು ಕತ್ತಲಲ್ಲಿ ಮುಚ್ಚುವ ರಾತ್ರಿ ‘ಕಾಫಿರ್’, ಬೀಜವನ್ನು ಮಣ್ಣಲ್ಲಿ ಮುಚ್ಚುವ ರೈತನೂ ‘ಕಾಫಿರ್’. ಪಾಪವನ್ನು ಮುಚ್ಚಿ ಅಳಿಸುವ ಪ್ರಾಯಶ್ಚಿತ್ತ ‘ಕಫ್ಫಾರಾ’ ಕೂಡ ಅದೇ ಬೇರಿನದು. ಕುರಾನಿನ 57ನೇ ಅಧ್ಯಾಯದ 20ನೇ ವಚನದಲ್ಲಿ ಈ ಹಳೇ ಅರ್ಥ ಹಾಗೇ ಉಳಿದಿದೆ. ಲೋಕದ ಬದುಕು ಮಳೆಯಿಂದ ಚಿಗುರಿ, ರೈತರಿಗೆ ಖುಷಿ ಕೊಟ್ಟು, ಆಮೇಲೆ ಒಣಗಿ ಹೊಟ್ಟಾಗುವ ಪೈರಿನ ಹಾಗೆ ಎಂಬ ಹೋಲಿಕೆ ಅದು. ಅಲ್ಲಿ ರೈತರಿಗೆ ಬಳಸಿದ ಪದ ‘ಕುಫ್ಫಾರ್’, ಕಾಫಿರ್‌ನ ಬಹುವಚನ. ಅಲ್ಲೂ ನಂಬದವರು ಅಂತಲೇ ಅರ್ಥ ಹೇಳಿದ ವ್ಯಾಖ್ಯಾನಕಾರರು ಇದ್ದಾರೆ. ಆದರೆ 48ನೇ ಅಧ್ಯಾಯದ ಕೊನೆಯಲ್ಲಿ ಪೈರಿನ ಇಂಥದ್ದೇ ಚಿತ್ರ ಇದೆ, ಅಲ್ಲಿ ಖುಷಿಪಡುವವರು ‘ಜುರ್ರಾ’, ಬಿತ್ತುವವರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ರೈತರು ಎಂಬ ಅರ್ಥವೇ ಸರಿ ಅನ್ನಿಸುತ್ತೆ.

ಹಾಗಂತ ಕಾಫಿರ ಅಂದರೆ ಬರೀ ರೈತ ಅಂತ ಹೇಳಿಕೊಂಡು ತಿರುಗಿದರೆ ಅದೂ ಒಂದು ಫಾರ್ವರ್ಡ್ ಮೇಲೇ ಆಗುತ್ತೆ. ಕುರಾನಿನಲ್ಲಿ ಉಳಿದ ಕಡೆಗಳಲ್ಲೆಲ್ಲ ಹೆಚ್ಚಾಗಿ ಆ ಪದಕ್ಕೆ ಇರೋದು ಉಪಕಾರ ಮರೆತವನು, ಸತ್ಯ ಮುಚ್ಚಿಟ್ಟವನು, ನಿರಾಕರಿಸಿದವನು ಎಂಬ ಕಟು ಅರ್ಥಗಳೇ. ಬೈಗುಳವಾಗಿ, ಯುದ್ಧದ ಕೂಗಾಗಿ ಅದು ಬಳಕೆಯಾಗಿದೆ. ಈಮೇಲ್ ಬರೆದವರು ಪದವನ್ನು ಸೃಷ್ಟಿಸಿರಲಿಲ್ಲ. ಅವರು ಹೇಳದೆ ಬಿಟ್ಟದ್ದು ಏನಂದರೆ, ಈ ಪದದ ಏಟು ತೀರಾ ಮೊದಲೇ ಬಿದ್ದದ್ದು ಮುಸಲ್ಮಾನರ ಮೇಲೆಯೇ. 657ರ ಸಿಫ್ಫೀನ್ ಯುದ್ಧದಲ್ಲಿ ಖಲೀಫ ಅಲಿ ಸಂಧಾನಕ್ಕೆ ಒಪ್ಪಿದರು ಅಂತ ಅವರದೇ ಪಾಳೆಯದ ಒಂದು ಗುಂಪು ಸಿಡಿದು ಹೊರಟಿತು. ಅವರನ್ನು ಖಾರಿಜಿಗಳು ಅಂತಾರೆ. ಪ್ರವಾದಿಯ ಅಳಿಯನನ್ನೇ ಅವರು ಕಾಫಿರ ಅಂದರು. 661ರಲ್ಲಿ ಕೂಫಾದಲ್ಲಿ ಅವರಲ್ಲೊಬ್ಬ ಅಲಿಯನ್ನು ಕೊಂದ. ಹೀಗೆ ಸಿಕ್ಕಸಿಕ್ಕವರಿಗೆ ಆ ಹಣೆಪಟ್ಟಿ ಅಂಟಿಸಬೇಡಿ ಅಂತ ಗಜಾಲಿ (ನಿಧನ 1111) ಒಂದು ಪುಸ್ತಕವನ್ನೇ ಬರೆಯಬೇಕಾಯ್ತು. ಇದ್ಯಾವುದೂ ಗೊತ್ತಿಲ್ಲದೆ ನಾನು ರೊಟ್ಟಿ ಕೈಯಲ್ಲಿ ಹಿಡ್ಕೊಂಡು ಅವನನ್ನು ಕಟಕಟೆಗೆ ನಿಲ್ಲಿಸಿದ್ದೆ.

ಅಷ್ಟಕ್ಕೂ ನಮ್ಮ ಬಾಯಲ್ಲಿರೋ ‘ರೈತ’ ಕೂಡ ಅರಬ್ಬಿಯದೇ. ‘ರಈಯತ್’ ಅಂದರೆ ಕುರುಬ ಕಾಯುವ ಹಿಂಡು, ಆಮೇಲೆ ದೊರೆ ಕಾಯುವ ಪ್ರಜೆ. ಕಂದಾಯದ ಲೆಕ್ಕದಲ್ಲಿ ಸೇರಿ ಒಕ್ಕಲು ಮಗ ಆದ. ತಾಲ್ಲೂಕು ಕಚೇರಿಯಲ್ಲಿ ಬೆವರು ಸುರಿಸಿ ಕೇಳುವ ‘ಹಕ್ಕು’, ಸೊಸೈಟಿಯವರು ನೆನಪಿಸುವ ‘ಬಾಕಿ’, ಕೋರ್ಟಿನ ‘ವಕೀಲ’ ಮೂರೂ ಅಲ್ಲಾಹನ 99 ಹೆಸರುಗಳ ಪಟ್ಟಿಯಲ್ಲಿವೆ: ಸತ್ಯ, ಎಂದೂ ಉಳಿಯುವವನು, ಭಾರ ವಹಿಸಿಕೊಳ್ಳುವವನು. ಮತ್ತೆ ನಾವು ಯೋಚಿಸದೆ ಅಂದುಬಿಡುವ ‘ಸಾಬರು’? ಅದು ‘ಸಾಹಿಬ್’, ಅಂದರೆ ಸಂಗಡಿಗ. ಪ್ರವಾದಿಯ ಸಂಗಡಿಗರಿಗೆ ಹೇಳುವ ‘ಸಹಾಬಾ’ ಅದೇ ಬೇರಿನ ಪದ.

ಹೋದ ಮುಂಗಾರಿನಲ್ಲಿ ಅವನಿಗೆ ಫೋನ್ ಮಾಡಿದೆ. ಮಳೆ, ರೇಟು ಮುಗಿಯೋ ತನಕ ಕಾದು, ಆವತ್ತು ಬದುವಿನ ಮೇಲೆ ಕೇಳಿದ್ದು ನೆನಪಿದೆಯಾ ಅಂದೆ. ಇದೆ ಅಂದ. ತಪ್ಪಾಯ್ತು ಕಣೋ ಅಂದೆ. ಆಮೇಲೆ ಬೀಜ ಮುಚ್ಚುವವನ ಕಥೆ ಪೂರ್ತಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕ.

“ಹಂಗಾದ್ರೆ ಈಗ ನಾನೇ ಕಾಫಿರ, ನೀನಲ್ಲ. ನೀನು ಹೊಲ ಬಿಟ್ಟು ಎಷ್ಟು ವರ್ಷ ಆಯ್ತೋ? ಹೋದ ವಾರ ಮೂರೆಕ್ರೆ ಶೇಂಗಾ ಮುಚ್ಚಿ ಕೂತಿದೀನಿ.”

“ಹುಟ್ಟಿದೆಯಾ?” ಅಂದೆ.

“ಇನ್ನೊಂದು ಹದ ಮಳೆ ಬೇಕು ಕಣೋ” ಅಂದ.