ಡೋಲೋ ಹಿಂದಿರುವ ಆ ಸಣ್ಣ ಅಕ್ಷರ

ಮೊನ್ನೆ ಜ್ವರ ಬಂದು ನಜರ್‌ಬಾದ್‌ನ ಮೆಡಿಕಲ್ ಸ್ಟೋರೊಂದರಲ್ಲಿ ಡೋಲೋ ಕೇಳಿದೆ. ಸ್ಟ್ರಿಪ್ ಸಿಕ್ತು, ಪ್ರಶ್ನೆ ಒಂದೂ ಬರಲಿಲ್ಲ. ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನ ಈ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಕೋವಿಡ್ ಕಾಲದಲ್ಲಿ ಮನೆಮಾತಾಯ್ತು. ಅತಿಯಾದರೆ ಲಿವರ್‌ಗೆ ಹಾನಿ ಅಂತ ಸ್ಟ್ರಿಪ್ ಹಿಂದೆ ಇಂಗ್ಲಿಷ್‌ನಲ್ಲಿ ಸಣ್ಣದಾಗಿ ಬರೆದಿರುತ್ತೆ. ಯಾಕೆ?

ನುಂಗಿದ್ದರಲ್ಲಿ ಬಹುಪಾಲನ್ನು ಲಿವರ್ ನಿರಪಾಯಕಾರಿ ರೂಪಕ್ಕೆ ತಿರುಗಿಸಿ ಮೂತ್ರದಲ್ಲಿ ಹೊರಹಾಕುತ್ತೆ. ಸಣ್ಣ ಪಾಲನ್ನು ಮಾತ್ರ ಸಿವೈಪಿ2ಇ1 ಎಂಬ ಕಿಣ್ವ ಎನ್‌ಎಪಿಕ್ಯುಐ ಎಂಬ ವಿಷವಾಗಿಸುತ್ತೆ. ಅದನ್ನು ಹಿಡಿದು ಕಟ್ಟಿಹಾಕೋದು ಗ್ಲುಟಾಥಯೋನ್ ಎಂಬ ಅಣು. ಡೋಸ್ ಮೀರಿದರೆ ಈ ಅಣುವಿನ ದಾಸ್ತಾನು ಖಾಲಿ. ಆಗ ವಿಷ ಮೈಟೊಕಾಂಡ್ರಿಯಾದ ಪ್ರೋಟೀನ್‌ಗಳಿಗೆ ಅಂಟಿಕೊಂಡು, ಶಕ್ತಿ ಉತ್ಪಾದನೆ ನಿಂತು, ಜೀವಕೋಶ ಸಾಯುತ್ತೆ. ದಿನಾ ಕುಡಿಯುವವರಲ್ಲಿ ಆ ಕಿಣ್ವ ಹೆಚ್ಚು, ಗ್ಲುಟಾಥಯೋನ್ ಕಡಿಮೆ. ಊಟ ಬಿಟ್ಟವರಲ್ಲೂ ದಾಸ್ತಾನು ಇಳಿದಿರುತ್ತೆ (ಜ್ವರದಲ್ಲಿ ಊಟ ಯಾರಿಗೆ ಸೇರುತ್ತೆ?).

ಮೋಸ ಏನಂದ್ರೆ, ಮೊದಲ ದಿನ ಬರೀ ವಾಕರಿಕೆ, ಕೆಲವರಿಗೆ ಅದೂ ಇಲ್ಲ. ಗ್ಲುಟಾಥಯೋನ್ ಮತ್ತೆ ತುಂಬಿಸುವ ಮದ್ದು ಎನ್-ಅಸಿಟೈಲ್‌ಸಿಸ್ಟೀನ್. 8 ಗಂಟೆಯೊಳಗೆ ಕೊಟ್ಟರೆ ಅದರ ಕೆಲಸ ಅತ್ಯುತ್ತಮ. ಹಾಗಾಗಿ ಡೋಸ್ ಮೀರಿದೆ ಅನ್ನಿಸಿದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆರೋಗ್ಯವಂತ ವಯಸ್ಕರಿಗೂ ದಿನದ ಗರಿಷ್ಠ ಮಿತಿ 4 ಗ್ರಾಂ, ಅಂದ್ರೆ 650ರ 6 ಮಾತ್ರೆ. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಇಂಗ್ಲಿಷ್ ಬಾರದವರು ಈ ಲೆಕ್ಕ ಹೇಗೆ ಹಾಕಬೇಕು? ಕರ್ನಾಟಕದಲ್ಲಿ ಮಾರೋ ಸ್ಟ್ರಿಪ್ ಮೇಲೆ ಈ ಒಂದು ಸಾಲು ಕನ್ನಡದಲ್ಲೂ ಕಡ್ಡಾಯ ಆಗಬೇಕು.