ಯಲ್ಲದಕೆರೆಯ ಪ್ಲಿಮತ್ ಗಾಡಿ

ಕಳೆದ ದೀಪಾವಳಿಯ ಮರುದಿನ ಯಲ್ಲದಕೆರೆಗೆ ಹೋಗಿದ್ದೆ. ನನ್ನ ಸೋದರಮಾವನ, ಅಂದರೆ ನಾವೆಲ್ಲ ದೊಡ್ಡಮಾವ ಎಂದು ಕರೆಯುತ್ತಿದ್ದವರ, ಮೊಮ್ಮಗ ಈಗ ಅಲ್ಲಿಯ ತೋಟ ನೋಡಿಕೊಂಡಿದ್ದಾನೆ. ಅವನು ಹಿರಿಯೂರಿನಲ್ಲಿ ನನ್ನ ವಿದ್ಯಾರ್ಥಿಯೂ ಆಗಿದ್ದವನು. ತರಗತಿಯಲ್ಲಿ ‘ಸಾರ್’ ಎಂದೂ ಮನೆಯಲ್ಲಿ ‘ಮಾವ’ ಎಂದೂ ಕರೆದು ಅಭ್ಯಾಸವಾಗಿ, ಈಗ ‘ಮೇಷ್ಟ್ರು ಮಾವ’ ಎನ್ನುತ್ತಾನೆ. ಊಟವಾದ ಮೇಲೆ ‘ಮೇಷ್ಟ್ರು ಮಾವ, ಒಂದು ವಿಷಯ ತೀರ್ಮಾನ ಮಾಡಬೇಕು, ನೀವು ಬರಬೇಕು’ ಎಂದು ತೋಟದ ಮೂಲೆಯ ಶೆಡ್ಡಿಗೆ ಕರೆದೊಯ್ದ. ತೆಂಗಿನ ಗರಿ, ಗೊಬ್ಬರದ ಚೀಲ, ಕೆಟ್ಟುಹೋದ ಪಂಪುಗಳ ಹಿಂದೆ ದೊಡ್ಡಮಾವನ ಪ್ಲಿಮತ್ ಗಾಡಿ ನಿಂತಿತ್ತು.

ಎಪ್ಪತ್ತರ ದಶಕದಲ್ಲಿ ಓದಿದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಆ ಗಾಡಿಯ ನೆನಪಿರಬೇಕು. ತೇರುಮಲ್ಲೇಶ್ವರನ ಜಾತ್ರೆಯಲ್ಲಿ, ಮಾರಿಕಣಿವೆಯ ದಾರಿಯಲ್ಲಿ, ಮದುವೆಯ ದಿಬ್ಬಣಗಳಲ್ಲಿ ಹತ್ತು ಹನ್ನೆರಡು ಜನರನ್ನು ತುಂಬಿಕೊಂಡು ಲಾರಿಯಂತೆ ಸದ್ದು ಮಾಡುತ್ತ ಬರುತ್ತಿದ್ದ ಕಪ್ಪು ಕಾರು ಅದು. ಮೂತಿಯ ಮೇಲೆ ಒಂದು ಪುಟ್ಟ ಹಾಯಿಹಡಗಿನ ಗೊಂಬೆ. ಅದು ೧೬೨೦ರಲ್ಲಿ ಇಂಗ್ಲೆಂಡಿನ ವಲಸಿಗರನ್ನು ಅಮೆರಿಕಕ್ಕೆ ಒಯ್ದ ಮೇಫ್ಲವರ್ ಹಡಗೆಂದು ನಾನು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಕೆರೆ ಬತ್ತಿದ ನಮ್ಮ ಬಯಲುಸೀಮೆಯಲ್ಲಿ ಹಡಗು ಏಕೆ ಎಂದು ಅದಕ್ಕೆ ಮುನ್ನ ಬಹಳ ಸಲ ಯೋಚಿಸಿದ್ದುಂಟು.

ತೀರ್ಮಾನವಾಗಬೇಕಾದ ವಿಷಯ ಇದು. ಗಾಡಿಯೊಳಗಿರುವುದು ಪ್ಲಿಮತ್ ಎಂಜಿನ್ ಅಲ್ಲ, ಪರ್ಕಿನ್ಸ್ ಡೀಸೆಲ್ ಎಂಜಿನ್. ಅದನ್ನು ತೆಗೆದು, ಮೂಲದ ಪೆಟ್ರೋಲ್ ಎಂಜಿನ್ ಹುಡುಕಿ ಕೂರಿಸಬೇಕೆ, ಬೇಡವೆ? ಕಾರಿನ ವಿಷಯದಲ್ಲಿ ನಾನು ಪಂಡಿತನಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಅಮೆರಿಕದ ಗಾಡಿಗಳು ನಮ್ಮ ಸೀಮೆಗೆ ಬಂದ ಮತ್ತು ಉಳಿದ ಕಥೆಯನ್ನು ಹೇಳಬೇಕಾಗುತ್ತದೆ. ಅದು ಇತಿಹಾಸದ ಮೇಷ್ಟರ ಕೆಲಸವೇ.

ಆಳುತ್ತಿದ್ದವರು ಬ್ರಿಟಿಷರಾದರೂ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಓಡಿದ್ದು ಅಮೆರಿಕದ ಗಾಡಿಗಳು. ಕಾರಣ ಸರಳ. ಇಂಗ್ಲೆಂಡಿನಲ್ಲಿ ಕಾರಿನ ತೆರಿಗೆಯನ್ನು ಎಂಜಿನ್ನಿನ ಸಿಲಿಂಡರುಗಳ ಅಗಲದ ಲೆಕ್ಕದಲ್ಲಿ ಹಾಕುತ್ತಿದ್ದುದರಿಂದ ಅಲ್ಲಿಯವರು ಸಣ್ಣ ಎಂಜಿನ್ನಿನ ಕಾರು ಮಾಡುತ್ತಿದ್ದರು. ಅಮೆರಿಕದ ಗಾಡಿಗಳಾದರೋ ಅಲ್ಲಿಯ ಹಳ್ಳಿಗಾಡಿನ ಕೆಸರುದಾರಿಗಳನ್ನು ಕಂಡವು: ನೆಲದಿಂದ ಎತ್ತರ, ದೊಡ್ಡ ಎಂಜಿನ್, ಅಗ್ಗದ ಬೆಲೆ. ಫೋರ್ಡ್ ಗಾಡಿಗಳು ನಮ್ಮಲ್ಲಿಗೆ ಬರುತ್ತಿದ್ದುದು ಬಹುಮಟ್ಟಿಗೆ ಕೆನಡಾದ ಕಾರ್ಖಾನೆಯಿಂದ, ಸಾಮ್ರಾಜ್ಯದ ದೇಶಗಳಿಗೆಂದು ಬಲಗಡೆ ಸ್ಟಿಯರಿಂಗ್ ಇಟ್ಟು ಮಾಡಿದವು. ೧೯೨೮ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ಮುಂಬಯಿಯ ಸಿವ್ರಿಯಲ್ಲಿ ಷೆವ್ರೊಲೆ ಗಾಡಿಗಳನ್ನು ಜೋಡಿಸಲು ತೊಡಗಿತು. ಬರಿಯ ಚಾಸಿ ಮತ್ತು ಎಂಜಿನ್ ಕೊಂಡು ತಂದರೆ, ಅದರ ಮೇಲೆ ಮರದ ಚೌಕಟ್ಟು ಕಟ್ಟಿ ತಗಡು ಹೊದಿಸಿ ಬಸ್ಸು ಮಾಡುವವರು ನಮ್ಮ ಬಡಗಿಗಳೇ. ಅಂದಮೇಲೆ ಮೊದಲ ದಿನದಿಂದಲೇ ಅರ್ಧ ಡೆಟ್ರಾಯಿಟ್, ಅರ್ಧ ನಮ್ಮ ಊರು.

ದೊಡ್ಡಮಾವ ಮೋಟಾರಿನ ಕೆಲಸಕ್ಕೆ ಸೇರಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹಿರಿಯೂರು–ಹುಳಿಯಾರು ದಾರಿಯ ಒಂದು ಬಸ್ಸಿನ ಕ್ಲೀನರಾಗಿ. ಪೆಟ್ರೋಲಿಗೆ ರೇಷನ್ ಬಂದು ಬಸ್ಸುಗಳೆಲ್ಲ ಇದ್ದಲಿನ ಗ್ಯಾಸಿಗೆ ತಿರುಗಿದ್ದ ದಿನಗಳು. ಬಸ್ಸಿನ ಹಿಂಭಾಗದಲ್ಲಿ ಆಳೆತ್ತರದ ಉರುಟು ಒಲೆ. ಅದರಲ್ಲಿ ಇದ್ದಲನ್ನು ಗಾಳಿ ಸಾಲದಂತೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ; ಅದನ್ನು ಕೊಳವೆಗಳಲ್ಲಿ ತಣಿಸಿ, ಬೂದಿ ಸೋಸಿ, ಪೆಟ್ರೋಲಿನ ಬದಲಿಗೆ ಎಂಜಿನ್ನಿಗೆ ಕೊಡುವುದು. ನಸುಕಿನಲ್ಲಿ ಎದ್ದು ಒಲೆ ಹೊತ್ತಿಸಿ, ಕೈಯಿಂದ ಗಾಳಿಚಕ್ರ ತಿರುಗಿಸುತ್ತ ಅರ್ಧ ಗಂಟೆ ನಿಲ್ಲುವುದು ದೊಡ್ಡಮಾವನ ಪಾಲಿನ ಕೆಲಸ. ಆ ಗ್ಯಾಸಿನಲ್ಲಿ ಎಂಜಿನ್ನಿನ ಶಕ್ತಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚಾಗಿ ಕುಗ್ಗುತ್ತಿತ್ತು. ಏರು ಬಂದಲ್ಲಿ ಜನ ಇಳಿದು ನಡೆಯುವುದು, ಗಂಡಸರು ತಳ್ಳುವುದು. ‘ಟಿಕೆಟ್ಟು ಕೊಟ್ಟಿದ್ದು ನಾವು, ಹೊತ್ತಿದ್ದು ನೀವು’ ಎಂದು ಪ್ರಯಾಣಿಕರನ್ನು ನಗಿಸುತ್ತಿದ್ದುದಾಗಿ ಮಾವ ಹೇಳುತ್ತಿದ್ದರು. ಹೊಗೆಯಿಂದ ಅವರಿಗೆ ಹಿಡಿದ ಕೆಮ್ಮು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಇಲ್ಲಿ ಒಂದು ಮಾತನ್ನು ನಡುವೆ ಸೇರಿಸುತ್ತೇನೆ, ಏಕೆಂದರೆ ಪಾಠಪುಸ್ತಕಗಳಲ್ಲಿ ಇದು ಅಷ್ಟಾಗಿ ಬರುವುದಿಲ್ಲ. ಪ್ಲಿಮತ್ತಿನಂಥ ಗಾಡಿ ಬೆಂಗಳೂರಿನಲ್ಲಿಯೇ ತಯಾರಾಗಬಹುದಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು ಭಾರತದ್ದೇ ಕಾರ್ಖಾನೆಯೊಂದರ ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಪ್ಲಿಮತ್, ಡಾಡ್ಜ್‌ಗಳನ್ನು ಮಾಡುತ್ತಿದ್ದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದಕ್ಕೆ ಬಂದಿದ್ದರು. ಮೈಸೂರು ಸಂಸ್ಥಾನ ನೆರವಿಗೆ ಮುಂದಾಯಿತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದರು ಅದೇ ಸಂಸ್ಥಾನದ ಸಹಾಯದಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು, ಇಂದಿನ ಎಚ್.ಎ.ಎಲ್. ಸಂಸ್ಥೆಯ ಮೂಲ ಅದು. ಕಾರು ಬೇಡವೆಂದವರಿಗೆ ಯುದ್ಧ ಹತ್ತಿರ ಬಂದಾಗ ವಿಮಾನ ಬೇಕಾಯಿತು! ಮೋಟಾರು ಕಾರ್ಖಾನೆ ಮುಂಬಯಿಯ ಕುರ್ಲಾಕ್ಕೆ ಹೋಯಿತು. ಅಲ್ಲಿಯ ಪ್ರೀಮಿಯರ್ ಆಟೊಮೊಬೈಲ್ಸ್ ೧೯೪೭ರಿಂದ ಡಾಡ್ಜ್, ಪ್ಲಿಮತ್, ಡಿ ಸೋಟೊ ಗಾಡಿಗಳನ್ನು ಜೋಡಿಸಿತು.

ನಮ್ಮ ಮನೆಯದು ೧೯೪೮ರ ಪ್ಲಿಮತ್. ಆರು ಸಿಲಿಂಡರು, ೩.೬ ಲೀಟರಿನ ಪೆಟ್ರೋಲ್ ಎಂಜಿನ್, ೯೫ ಅಶ್ವಶಕ್ತಿ, ಸ್ಟಿಯರಿಂಗಿನ ಕೊರಳಿನಲ್ಲೇ ಗೇರು. ದೊಡ್ಡಮಾವ ಅದನ್ನು ೧೯೫೮ರಲ್ಲಿ ಎರಡನೆಯ ಕೈಯಲ್ಲಿ ಕೊಂಡು ಟ್ಯಾಕ್ಸಿ ಮಾಡಿದರು. ಆ ಹೊತ್ತಿಗೆ ಬಾಗಿಲು ಮುಚ್ಚಿಯಾಗಿತ್ತು. ಇಲ್ಲಿಯೇ ಬಿಡಿಭಾಗ ತಯಾರಿಸುವ ಯೋಜನೆಯಿಲ್ಲದೆ ಬರಿದೇ ತಂದು ಜೋಡಿಸುವ ಕಂಪನಿಗಳಿಗೆ ಅವಕಾಶವಿಲ್ಲವೆಂದು ೧೯೫೩ರಲ್ಲಿ ಕೇಂದ್ರ ಸರ್ಕಾರ ನಿರ್ಧರಿಸಿತು. ಫೋರ್ಡ್ ಹೋಯಿತು, ೧೯೫೪ರಲ್ಲಿ ಜನರಲ್ ಮೋಟಾರ್ಸ್ ಹೋಯಿತು. ದೇಶದ ದೃಷ್ಟಿಯಿಂದ ಆ ನಿರ್ಧಾರ ಸರಿಯೆಂದೇ ನಾನು ಪಾಠ ಮಾಡಿದ್ದೇನೆ, ಈಗಲೂ ಹಾಗೆಯೇ ತಿಳಿದಿದ್ದೇನೆ. ಆದರೆ ಅಮೆರಿಕದ ಗಾಡಿ ಇಟ್ಟುಕೊಂಡವನಿಗೆ ಅಂದಿನಿಂದ ತವರುಮನೆಯ ಬಾಗಿಲು ಮುಚ್ಚಿತು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಇಲ್ಲವೆ ಶಿವಾಜಿನಗರದ ಗುಜರಿ. ಕ್ರೈಸ್ಲರ್ ಕಂಪನಿಯ ಪ್ಲಿಮತ್, ಡಾಡ್ಜ್, ಫಾರ್ಗೊಗಳ ಎಂಜಿನ್ನುಗಳು ಒಂದೇ ಬಳಗದವಾದುದರಿಂದ ಒಂದರ ಭಾಗ ಇನ್ನೊಂದಕ್ಕೆ ಅಷ್ಟಿಷ್ಟು ಹೊಂದುತ್ತಿತ್ತು. ಹೊಂದದಿದ್ದರೆ ಲೇತಿಗೆ ಹಾಕಿ ಹೊಂದಿಸುವುದು.

೧೯೬೭ರ ಹೊತ್ತಿಗೆ ಎಂಜಿನ್ ಸವೆದಿತ್ತು, ಪೆಟ್ರೋಲು ಕೈಗೆಟುಕದಾಗಿತ್ತು. ಗ್ಯಾಲನ್ನಿಗೆ ಹದಿನಾಲ್ಕು ಮೈಲಿ ಕೊಡುವ ಗಾಡಿಯಲ್ಲಿ ಟ್ಯಾಕ್ಸಿ ನಡೆಸಿ ಸಂಸಾರ ಸಾಗುವಂತಿರಲಿಲ್ಲ. ಆಗ ಎಲ್ಲೆಡೆಯೂ ದೊಡ್ಡ ಅಮೆರಿಕನ್ ಟ್ಯಾಕ್ಸಿಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಕಾಲ. ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಎಂಜಿನ್ನುಗಳನ್ನು ನಮ್ಮಲ್ಲಿಯೇ ತಯಾರಿಸುತ್ತಿತ್ತು. ಅದರಲ್ಲಿ ಪಿ-೪ ಎಂಬ ನಾಲ್ಕು ಸಿಲಿಂಡರಿನ, ಸುಮಾರು ೩.೧ ಲೀಟರಿನದು ಇಂಥ ಕಾರುಗಳ ಹೊಟ್ಟೆಗೆ ಹಿಡಿಸುವಂಥದು.

ದಾವಣಗೆರೆಯ ಒಬ್ಬ ಮೇಸ್ತ್ರಿ ಯಲ್ಲದಕೆರೆಗೇ ಬಂದು ಹದಿನೆಂಟು ದಿನ ನಮ್ಮ ಮಾವನ ಮನೆಯಲ್ಲಿ ಉಳಿದು ಈ ಕೆಲಸ ಮಾಡಿದರು. ನನಗೆ ಬೇಸಿಗೆಯ ರಜೆ. ಸ್ಪ್ಯಾನರು ಎತ್ತಿಕೊಡುವ ಕೆಲಸ. ಪರ್ಕಿನ್ಸ್ ಎಂಜಿನ್ನಿನ ಬೆನ್ನಿಗೂ ಪ್ಲಿಮತ್ತಿನ ಗೇರುಪೆಟ್ಟಿಗೆಗೂ ತೂತುಗಳು ಕೂಡುವುದಿಲ್ಲ. ಮೇಸ್ತ್ರಿ ಮೊದಲು ಎರಡರ ಅಳತೆಯನ್ನೂ ರಟ್ಟಿನ ಮೇಲೆ ಒತ್ತಿ ತೆಗೆದರು, ಅದರಂತೆ ಹಲಗೆ ಕೊರೆದು ಕೂರಿಸಿ ನೋಡಿದರು, ಆಮೇಲೆ ಹಲಗೆಯಂತೆ ಬೆರಳುದಪ್ಪದ ಕಬ್ಬಿಣದ ತಟ್ಟೆ ಕೊರೆಸಿ ತಂದರು. ಕೂದಲೆಳೆಯಷ್ಟು ನಡು ತಪ್ಪಿದರೂ ಕ್ಲಚ್ಚು ಉಳಿಯದೆಂದು ದಾರ ಹಿಡಿದು ಒಂದು ಇಡೀ ದಿನ ನೋಡಿದ್ದು ನನಗೆ ನೆನಪಿದೆ. ಡೀಸೆಲ್ ಎಂಜಿನ್ ಭಾರ. ಮುಂದಿನ ಸ್ಪ್ರಿಂಗುಗಳಿಗೆ ಬಲ ಕೊಡಬೇಕಾಯಿತು. ಮೊದಲಿನ ಆರು ವೋಲ್ಟಿನ ಬ್ಯಾಟರಿಗೆ ಅದನ್ನು ತಿರುಗಿಸುವ ಶಕ್ತಿಯಿಲ್ಲ. ಹನ್ನೆರಡು ವೋಲ್ಟು ಬಂತು, ಬಲ್ಬುಗಳೆಲ್ಲ ಬದಲಾದವು. ತೆಗೆದ ಪೆಟ್ರೋಲ್ ಎಂಜಿನ್ ಹುಳಿಯಾರಿನ ವ್ಯಾಪಾರಿಯೊಬ್ಬರ ಫಾರ್ಗೊ ವ್ಯಾನಿಗೆ ಹೋಯಿತು. ಗಾಡಿ ಮೊದಲ ಸಲ ಚಾಲೂ ಆದಾಗ ಬಾಗಿಲುಗಳೆಲ್ಲ ಗಡಗಡನೆ ನಡುಗಿದವು. ಅತ್ತೆ ಹೊರಗೆ ಬಂದು ‘ಇದೇನು ಕಾರೋ ಹಿಟ್ಟಿನ ಗಿರಣಿಯೋ’ ಎಂದರು. ಗ್ಯಾಲನ್ನಿಗೆ ಇಪ್ಪತ್ತೆಂಟು ಮೈಲಿ ಬಂತು.

ಆ ಗಿರಣಿಯೇ ಮುಂದಿನ ಹದಿನೈದು ವರ್ಷ ಎರಡು ಸಂಸಾರಗಳನ್ನು ಸಾಕಿತು. ಎರಡನೆಯದು ನಮ್ಮದು. ತಂದೆ ತೀರಿಕೊಂಡ ಮೇಲೆ ಚಿತ್ರದುರ್ಗದ ಹಾಸ್ಟೆಲಿನಲ್ಲಿ ನನ್ನ ಓದು ನಡೆದದ್ದು ಆ ಟ್ಯಾಕ್ಸಿಯ ಬಾಡಿಗೆಯಿಂದ.

ಈಗ ಇಂದಿನ ವಿಷಯಕ್ಕೆ ಬರುತ್ತೇನೆ. ೨೦೨೧ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಐವತ್ತು ವರ್ಷ ದಾಟಿದ ಗಾಡಿಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಅವಕಾಶವಾಗಿದೆ. ‘ವಿಎ’ ಅಕ್ಷರಗಳಿರುವ ಬೇರೆಯೇ ನಂಬರು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಬಾಡಿಗೆಗಾಗಲಿ ದಿನನಿತ್ಯದ ಓಡಾಟಕ್ಕಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಒಯ್ಯಬಹುದು. ಷರತ್ತೆಂದರೆ ಗಾಡಿ ಮೂಲರೂಪದಲ್ಲಿರಬೇಕು; ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ನಮ್ಮ ಹುಡುಗನ ತಮ್ಮ ಮಿಷಿಗನ್ನಿನಲ್ಲಿ ಎಂಜಿನಿಯರು. ಪ್ಲಿಮತ್ ಎಂಬ ಹೆಸರನ್ನೇ ಕಂಪನಿ ೨೦೦೧ರಲ್ಲಿ ನಿಲ್ಲಿಸಿದರೂ ಅಲ್ಲಿ ಅದರ ಬಿಡಿಭಾಗ ಇಂದಿಗೂ ಸಿಗುತ್ತದಂತೆ. ಪ್ರತಿ ಸಲ ಊರಿಗೆ ಬರುವಾಗಲೂ ದೀಪದ ಗಾಜು, ಬಾಗಿಲಿನ ರಬ್ಬರು, ಗ್ಯಾಸ್ಕೆಟ್ಟುಗಳನ್ನು ಬಟ್ಟೆಯ ನಡುವೆ ಸುತ್ತಿಕೊಂಡು ತರುತ್ತಾನೆ. ‘ಡೀಸೆಲ್ ಎಂಜಿನ್ ಇರುವವರೆಗೂ ಅದು ಪ್ಲಿಮತ್ತೇ ಅಲ್ಲ’ ಎಂಬುದು ಅವನ ವಾದ. ಬೆಂಗಳೂರಿನ ಗುಜರಿಯಲ್ಲಿ ಒಂದು ಮೂಲದ ಎಂಜಿನ್ ಕೂಡ ಗೊತ್ತುಮಾಡಿದ್ದಾನೆ.

ಅವನ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯದಲ್ಲಿ ಹೊಳೆಯುವಂತೆ ಇಟ್ಟ ಹಳೆಯ ಗಾಡಿಗಳನ್ನು ಕಂಡು ನಾನೂ ಬೆರಗಾದವನೇ. ಆದರೆ ಅಮೆರಿಕದಲ್ಲಿಯೇ ಮೂಲರೂಪವನ್ನು ಎಲ್ಲರೂ ಪೂಜಿಸಲಿಲ್ಲ. ಕ್ಯಾಲಿಫೋರ್ನಿಯಾದ ಹುಡುಗರು ೧೯೩೨ರ ಫೋರ್ಡುಗಳ ಮಡ್‌ಗಾರ್ಡು ಕಿತ್ತು, ಎಂಜಿನ್ ತಿದ್ದಿ ವೇಗದ ಗಾಡಿ ಮಾಡಿದರು. ಇಂದು ಆ ತಿದ್ದಿದ ಗಾಡಿಗಳನ್ನೇ ಚರಿತ್ರೆಯೆಂದು ಕಾಪಾಡುತ್ತಾರೆ. ಕ್ಯೂಬಾಕ್ಕೆ ಅಮೆರಿಕ ವ್ಯಾಪಾರ ನಿರ್ಬಂಧ ಹಾಕಿದ ಮೇಲೆ ಅಲ್ಲಿಯವರು ತಮ್ಮ ಷೆವ್ರೊಲೆಗಳಿಗೆ ರಷ್ಯದ ಎಂಜಿನ್ ಹಾಕಿ ಓಡಿಸಿದರು. ಜಗತ್ತಿನ ಪ್ರವಾಸಿಗರು ಅವನ್ನು ನೋಡಲೆಂದೇ ಹವಾನಾಕ್ಕೆ ಹೋಗುತ್ತಾರೆ. ನಮ್ಮ ಮೇಸ್ತ್ರಿಗಳ ಕೆಲಸ ಮಾತ್ರ ಏಕೆ ಕೊಳೆಯಂತೆ ತೊಳೆಯಬೇಕಾದದ್ದು? ಚಿತ್ರದುರ್ಗದ ಕೋಟೆಯಲ್ಲಿ ಪಾಳೆಯಗಾರರ ನಂತರ, ೧೭೭೯ರಿಂದ ಹೈದರ್, ಟಿಪ್ಪು ಕಟ್ಟಿಸಿದ್ದೂ ಇದೆ. ಮದಕರಿನಾಯಕನ ಮೂಲದ ಕೋಟೆ ಬೇಕೆಂದು ಅದನ್ನೆಲ್ಲ ಕೆಡವುತ್ತೇವೆಯೆ?

ಹೀಗೆಲ್ಲ ನಾನು ಶೆಡ್ಡಿನಲ್ಲಿ ನಿಂತು ಪಾಠ ಮಾಡಿದೆ. ಹುಡುಗ ಸುಮ್ಮನೆ ಕೇಳಿ, ‘ಮೇಷ್ಟ್ರು ಮಾವ, ನಂಬರು ಸಿಗದಿದ್ದರೆ ಇದು ಇಲ್ಲೇ ತುಕ್ಕು ಹಿಡಿಯುತ್ತದಲ್ಲ’ ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಸಂಜೆ ದೊಡ್ಡಮಾವನ ಲೆಕ್ಕದ ಪುಸ್ತಕಗಳನ್ನು ತೆಗೆಸಿದೆ. ೧೯೬೭ರದ್ದರಲ್ಲಿ ಎಂಜಿನ್ನಿನ ಖರ್ಚಿನ ಪುಟ ಸಿಕ್ಕಿತು. ಮೇಸ್ತ್ರಿಯ ಕೂಲಿ, ತಟ್ಟೆಯ ಕಬ್ಬಿಣ, ಬ್ಯಾಟರಿ ಎಲ್ಲವೂ ಇದ್ದವು. ಜಮೆಯ ಕಡೆ ಒಂದೇ ಸಾಲು: ಇವಳ ಕಾಸಿನ ಸರ, ಒತ್ತೆ. ಮುಂದಿನ ಪುಸ್ತಕಗಳನ್ನೂ ಒಂದೊಂದಾಗಿ ತಿರುವಿದೆವು. ಸರ ಬಿಡಿಸಿಕೊಂಡ ದಾಖಲೆ ಎಲ್ಲಿಯೂ ಇರಲಿಲ್ಲ. ೧೯೬೮ರಿಂದ ಪ್ರತಿ ಜೂನಿನಲ್ಲಿ ನನ್ನ ಹಾಸ್ಟೆಲಿನ ಹಣ ಬರೆದಿತ್ತು. ಅತ್ತೆಯ ಕೊರಳು ಬರಿದಾಗಿದ್ದುದು ನನಗೆ ಗೊತ್ತಿತ್ತು, ಏಕೆಂದು ಕೇಳಿದವನಲ್ಲ. ಹುಡುಗನೂ ಆ ಪುಟವನ್ನು ಬಹಳ ಹೊತ್ತು ನೋಡಿ, ಫೋನಿನಲ್ಲಿ ಚಿತ್ರ ತೆಗೆದು ತಮ್ಮನಿಗೆ ಕಳುಹಿಸಿದ.

ತಮ್ಮ ಸಂಕ್ರಾಂತಿಗೆ ಬರುವವನಿದ್ದಾನೆ. ಅಣ್ಣತಮ್ಮಂದಿರು ಆಗ ಕುಳಿತು ನಿರ್ಧರಿಸುವರು. ಎಂಜಿನ್ ಇಳಿಸುವುದೇ ಆದರೆ ಅದನ್ನೂ ಆ ಕಬ್ಬಿಣದ ತಟ್ಟೆಯನ್ನೂ ಗುಜರಿಗೆ ಹಾಕದೆ, ಗಾಡಿಯ ಪಕ್ಕದಲ್ಲಿಯೇ ಮರದ ಪೀಠದ ಮೇಲೆ ಇಡುವುದಾಗಿ ಅಣ್ಣ ಮಾತು ಕೊಟ್ಟಿದ್ದಾನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಮದುವೆಯ ಹಳೆಯ ಚಿತ್ರಗಳಲ್ಲಿ ಈ ಗಾಡಿ ಕಂಡರೆ ದಯವಿಟ್ಟು ನನಗೆ ತಿಳಿಸಿ. ಅದರಲ್ಲೂ ೧೯೬೭ಕ್ಕೆ ಮುಂಚಿನದಾದರೆ ಬಹಳ ಉಪಕಾರ; ಪೆಟ್ರೋಲಿನ ಕಾಲದ ಒಂದು ಚಿತ್ರವೂ ನಮ್ಮಲ್ಲಿಲ್ಲ.